ಸೀರೆಗೆ ಫಾಲ್ಸ್ ಎಲ್ಲಿ ಹಾಕಿಸ್ತೀರಾ?

ಮೊದಲು ಒಂದು ಒಗಟು ಬಿಡಿಸಿ. ಸೀರೆ ಅಂಚಿಗೆ ಅಂಟಿಕೊಂಡಿರುತ್ತೆ, ಕೆಲವು ಗಂಡಸರ ಕಣ್ಣಿಗೆ ಮಾತ್ರ ಬೆಟ್ಟದ ಮೇಲಿಂದ ಧುಮುಕುತ್ತೆ, ಕಿತ್ತೋಯ್ತು ಅಂದ್ರೆ ನಾನು ಸ್ಕೂಟರ್ ಹತ್ತಿ ಓಡ್ತೀನಿ. ಏನದು?

ಬಿಡಿ, ನಿಮ್ಮ ಕೈಲಾಗಲ್ಲ. ಅರ್ಧ ಹೇಳೋರು ಸಿಗ್ತಾರೆ, ಆ ಸ್ಕೂಟರ್ ಹತ್ರ ಬಂದು ಎಲ್ರೂ ಮುಗ್ಗರಿಸ್ತಾರೆ. ಪೂರ್ತಿ ಉತ್ತರ ಗೊತ್ತಿರೋದು ನನಗೂ ನಮ್ಮ ಅಕ್ಕನಿಗೂ ಮಾತ್ರ.

ಅಕ್ಕ ಅಂದ್ರೆ ದೊಡ್ಡಮ್ಮನ ಮಗಳು. ಇಪ್ಪತ್ತೇಳು ವರ್ಷ. ದೊಡ್ಡಬಳ್ಳಾಪುರದಲ್ಲಿ ‘ಫಾಲ್ಸ್, ಜಿಗ್‌ಜಾಗ್, ಕುಚ್ಚು’ ಅಂತ ಬೋರ್ಡ್ ಹಾಕಿರೋ ಪುಟ್ಟ ಅಂಗಡಿ ಅವಳದ್ದು. ನಾನು ಹತ್ತನೇ ಕ್ಲಾಸಲ್ಲಿ ಗಣಿತದ ಜೊತೆ ಜಗಳ ಆಡಿ ಸೋತು ಆಚೆ ಬಂದೋನು. ಈಗ ಹದಿನೆಂಟು ದಾಟಿದೆ. ಮಗ್ಗದ ಮನೆಗಳಿಂದ ಸೀರೆ ತಂದು ಅಕ್ಕನ ಅಂಗಡಿಗೆ ಹಾಕೋದು ನನ್ನ ಕೆಲಸ. ಮಿಕ್ಕ ಟೈಮಲ್ಲಿ ಊರೋರ ತಲೆ ತಿಂತೀನಿ. ಹೆಂಗಸಿನ ದನಿ ತೆಗೆದು ಫೋನ್ ಮಾಡಿ ನಮ್ಮ ಬೀದಿಯ ಅರ್ಧ ಗಂಡಸರನ್ನ ಬಸ್ ಸ್ಟ್ಯಾಂಡಲ್ಲಿ ಕಾಯ್ಸಿದೀನಿ. ಪೌಡರ್ ಹಾಕೊಂಡು ನಿಂತಿರ್ತಾರೆ ಪಾಪ.

ಅಕ್ಕನ ಫೋನಲ್ಲೂ ಇಂಥ ತಮಾಷೆಗಳು ಆಗ್ತಾನೇ ಇರ್ತವೆ. ಒಂದಕ್ಕೆ ನಕ್ಕು ಮುಗಿಸೋ ಅಷ್ಟರಲ್ಲಿ ಇನ್ನೊಂದು ಟಿಣ್ ಅಂತ ಬಂದು ಬೀಳುತ್ತೆ.

ಸೆಟ್ಟಿಂಗ್

ಒಂದಿನ ಅಕ್ಕನ ಫೋನ್ ಹ್ಯಾಂಗ್ ಆಯ್ತು. ‘ನೋಡೋ ಏನಾಗಿದೆ’ ಅಂತ ನನ್ನ ಕೈಗೆ ಎಸೆದು ಗಿರಾಕಿ ಕಡೆ ತಿರುಗಿದ್ಲು. ಫೋನಿನ ವಿಷಯದಲ್ಲಿ ನಾನು ಡಾಕ್ಟರು. ಎರಡು ಸಲ ಒತ್ತಿ ಬಿಟ್ಟೆ, ಸರಿ ಹೋಯ್ತು. ಹೋದ ತಕ್ಷಣ ಒಂದು ಆ್ಯಪ್ ತೆರೆದುಕೊಂಡು ಫೋಟೋ ಮೇಲೆ ಫೋಟೋ ಬರೋಕೆ ಶುರು. ಒಂದು ಹುಡುಗಿ, ಇನ್ನೊಂದು ಹುಡುಗಿ, ಮತ್ತೊಂದು ಹುಡುಗಿ. ಜೋಡಿ ಹುಡುಕೋ ಆ್ಯಪು ಅಂತ ನನಗೂ ಗೊತ್ತು, ಅಷ್ಟೊಂದು ದಡ್ಡ ಅಲ್ಲ.

ಗಿರಾಕಿ ಹೋದ ಮೇಲೆ ಮೆಲ್ಲಗೆ ಹೇಳ್ದೆ: ‘ಅಕ್ಕಾ, ನಿನ್ ಫೋನಲ್ಲಿ ಬರೀ ಹುಡುಗೀರೇ ಬರ್ತಾವ್ರೆ. ಸೆಟ್ಟಿಂಗ್ ಕೆಟ್ಟೋಗಿದೆ. ಸರಿ ಮಾಡ್ಲಾ?’

ಅಕ್ಕ ಸೂಜಿ ಕೆಳಗಿಟ್ಲು. ಮುಖ ಬಿಳಿಚ್ಕೊಂಡಿತ್ತು.

‘ಸೆಟ್ಟಿಂಗ್ ಸರಿಯಾಗೇ ಇದೆ ಕಣೋ’ ಅಂದ್ಲು.

ನನಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಹಿಡೀತು. ಆಯ್ತು. ‘ಹಂಗಾರೆ ಸರಿ’ ಅಂತ ಫೋನ್ ವಾಪಸ್ ಕೊಟ್ಟೆ.

‘ಯಾರ ಹತ್ರಾನಾದ್ರೂ ಬಾಯ್ ಬಿಟ್ಯೋ,’ ಅಂದ್ಲು ಅಕ್ಕ, ‘ಅಂಗಡಿಗೆ ಬೀಗ ಬೀಳುತ್ತೆ, ನನ್ ಕುತ್ತಿಗೆಗೆ ತಾಳಿ ಬೀಳುತ್ತೆ. ಎರಡೂ ಒಂದೇ ವಾರದಲ್ಲಿ. ನನಗೆ ಯಾರ್ನೂ ಕಟ್ಕೊಂಡು ಓಡೋಗೋದು ಬೇಡ ಕಣೋ. ಯಾರಾದ್ರೂ ಒಬ್ಳು ಸಿಕ್ಕು, ಜೊತೇಲಿ ಕೂತು ಟೀ ಕುಡಿದು, ನಕ್ಕು ಬಂದ್ರೆ ಸಾಕು. ಅಷ್ಟಕ್ಕೇ ಇಷ್ಟು ಹೆದರ್ಕೊಂಡು ಸಾಯ್ತಿದೀನಿ.’

ಅದೇ ಹೊತ್ತಿಗೆ ಅಂಗಡಿ ಮುಂದೆ ದೊಡ್ಡಮ್ಮ ಪಕ್ಕದ ಮನೆಯವಳಿಗೆ ಹೇಳ್ತಾ ಇದ್ಲು: ‘ನಮ್ಮ ಹುಡುಗಿ ಚಿನ್ನ ಕಣವ್ವಾ. ಗಂಡುಡುಗ್ರ ಕಡೆ ಕಣ್ಣೆತ್ತಿ ಕೂಡ ನೋಡಲ್ಲ.’

ದೊಡ್ಡಮ್ಮ ಇಷ್ಟು ವರ್ಷದಲ್ಲಿ ಹೇಳಿದ ಮಾತಲ್ಲಿ ಪೂರ್ತಿ ನಿಜ ಅದೊಂದೇ.

ಪಿಂಕಿ

ಅಕ್ಕ ರೂಲ್ಸ್ ಮಾಡ್ಕೊಂಡಿದ್ಲು. ಫೋಟೋದಲ್ಲಿ ಮುಖ ಹಾಕಂಗಿಲ್ಲ. ಅಂಗಡಿ ಎಲ್ಲಿ ಅಂತ ಹೇಳಂಗಿಲ್ಲ. ಮೊದಲ ಸಲ ಸಿಗೋದು ಹಗಲಲ್ಲಿ, ಜನ ಇರೋ ಕಡೆ. ಎಲ್ಲಿ ಹೋಗ್ತೀನಿ ಅಂತ ನನಗೆ ಹೇಳಿ ಹೋಗೋದು. ಏನಾದ್ರೂ ಎಡವಟ್ಟಾದ್ರೆ ನನಗೆ ಫೋನ್ ಮಾಡಿ ‘ಫಾಲ್ಸ್ ಕಿತ್ತೋಗಿದೆ’ ಅನ್ನೋದು. ಪಕ್ಕದಲ್ಲಿ ಕೂತೋರಿಗೆ ಅಂಗಡಿ ಮಾತು, ನನಗೆ ಸ್ಕೂಟರ್ ಹತ್ತೋ ಆರ್ಡರ್. ಈಗ ಗೊತ್ತಾಯ್ತಾ ಒಗಟು?

ಮುಖ ಇಲ್ಲದ ಫೋಟೋ ಅಂತ ಅವಳ ಕೈ ಫೋಟೋ ನಾನೇ ತೆಗ್ದೆ. ಅಕ್ಕ ಕಟ್ಟಿದ ಕುಚ್ಚು ಕೈಯಲ್ಲಿ ಹಿಡ್ಕೊಂಡಿರೋದು. ನವಿಲಿನ ಬಣ್ಣದ ದಾರ, ಮಧ್ಯ ಮಣಿ, ಆ ಥರ ಗಂಟು ನಮ್ಮ ತಾಲ್ಲೂಕಲ್ಲಿ ಅವಳೊಬ್ಳೇ ಹಾಕೋದು. ಸೂಪರಾಗಿ ಬಂತು. ಈ ಕುಚ್ಚನ್ನ ಸ್ವಲ್ಪ ನೆನಪಲ್ಲಿ ಇಟ್ಕೊಳಿ, ಆಮೇಲೆ ಬೇಕಾಗುತ್ತೆ.

ಫೋಟೋ ಹಾಕಿದ್ದೇ ತಡ, ಮೆಸೇಜುಗಳ ಸುರಿಮಳೆ. ಅದರಲ್ಲಿ ಒಬ್ಬಳು ಪಿಂಕಿ. ಗುಲಾಬಿ ಹೂವಿನ ಫೋಟೋ. ‘ಹಾಯ್ ಡಿಯರ್, ಭಯ ಪಡ್ಬೇಡಿ, ನಾನೂ ಹುಡುಗೀನೇ’ ಅಂತ ಶುರು ಮಾಡಿದ್ಲು.

‘ಹುಡುಗೀರು ಯಾರಾದ್ರೂ ನಾನೂ ಹುಡುಗೀನೇ ಅಂತ ಶುರು ಮಾಡ್ತಾರೇನಕ್ಕಾ?’ ಅಂದೆ. ಹೆಣ್ಣಿನ ದನೀಲಿ ಊರನ್ನ ಯಾಮಾರಿಸೋನಿಗೆ ಆ ವಾಸನೆ ಬೇಗ ಗೊತ್ತಾಗುತ್ತೆ. ‘ಒಂದು ಪರೀಕ್ಷೆ ಕೊಡು. ಸೀರೆಗೆ ಫಾಲ್ಸ್ ಎಲ್ಲಿ ಹಾಕಿಸ್ತೀರಾ ಅಂತ ಕೇಳು.’

ಅಕ್ಕ ಕೇಳಿದ್ಲು. ಪಿಂಕಿ ಯೋಚನೆ ಮಾಡಿ ಉತ್ತರ ಕಳ್ಸಿದ್ಲು:

‘ಫಾಲ್ಸ್‌ಗೆ ಹೋಗುವಾಗ ನಾನು ಸೀರೆ ಹಾಕಲ್ಲ ಡಿಯರ್. ಜೀನ್ಸೇ ಹಾಕೋದು. ಸೀರೆ ಆದ್ರೆ ನೀರಲ್ಲಿ ಒದ್ದೆ ಆಗುತ್ತೆ.’

ನಾವಿಬ್ರೂ ಮಿಷನ್ ಮೇಲೆ ಬಿದ್ದು ಬಿದ್ದು ನಕ್ವಿ. ಹೆಣ್ಣಿನ ವೇಷ ಹಾಕೊಂಡು ಬಂದೋನಿಗೆ ಹೆಂಗಸರು ದಿನಾ ಉಡೋ ಸೀರೆ ಅಂಚಲ್ಲಿ ಏನಿದೆ ಅಂತ ಗೊತ್ತಿಲ್ಲ. ಅವನಮ್ಮ, ಅವನತ್ತಿಗೆ ಎಷ್ಟು ಸಲ ಅವನನ್ನೇ ಅಂಗಡಿಗೆ ಓಡಿಸಿದ್ರೋ, ಚೀಲದಲ್ಲಿ ಏನಿತ್ತು ಅಂತ ಒಂದಿನಾನೂ ಬಗ್ಗಿ ನೋಡಿಲ್ಲ. ಅಕ್ಕ ಪಿಂಕಿಯನ್ನ ಬ್ಲಾಕ್ ಮಾಡಿದ್ಲು.

ಅಲ್ಲಿಂದ ಅದೇ ಪರೀಕ್ಷೆ ಎಲ್ಲರಿಗೂ. ಒಬ್ಬ ‘ಫಾಲ್ಸ್ ಇಷ್ಟಾನಾ? ರೂಮ್ ನಾನೇ ಬುಕ್ ಮಾಡ್ತೀನಿ’ ಅಂದ. ಇನ್ನೊಬ್ಬ ‘ಬೇಸಿಗೇಲಿ ನೀರಿರಲ್ಲ, ಮಳೆಗಾಲದಲ್ಲಿ ಹಾಕಿಸೋಣ’ ಅಂದ. ಹೆಂಗಸರ ಹೆಸರು ಹಾಕೊಂಡಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ನೀರಿಗೆ ಬಿದ್ರು. ಆ ಪರೀಕ್ಷೇಲಿ ಪಾಸಾಗೋ ಗಂಡಸು ಅಂದ್ರೆ ನಾನೊಬ್ನೇ. ನನ್ನ ಜೀವನದಲ್ಲಿ ಪಾಸಾದ ಪರೀಕ್ಷೆಯೂ ಅದೊಂದೇ.

ಪ್ಯಾಂಟಿನವಳು

ಆದ್ರೆ ನಮ್ಮ ಪರೀಕ್ಷೇಲೂ ಒಂದು ತಪ್ಪಿತ್ತು.

ಒಬ್ಬಳು ಚೆನ್ನಾಗಿ ಮಾತಾಡ್ತಿದ್ಲು. ದೇವನಹಳ್ಳಿ ಕಡೆಯವಳು, ಏರ್‌ಪೋರ್ಟಲ್ಲಿ ಲಗೇಜ್ ಸಾಗಿಸೋ ಗಾಡಿ ಓಡಿಸ್ತೀನಿ ಅಂದಿದ್ಲು. ಡಿಯರ್ ಇಲ್ಲ, ಹಾರ್ಟು ಇಲ್ಲ. ಅಕ್ಕ ಅವಳ ಮೆಸೇಜ್ ಬಂದ್ರೆ ಹೊಲಿಗೆ ನಿಲ್ಲಿಸಿಬಿಡ್ತಿದ್ಲು. ನಾನು ಬಿಡ್ತೀನಾ? ‘ಪರೀಕ್ಷೆ ಎಲ್ಲರಿಗೂ ಒಂದೇ’ ಅಂದೆ. ಅಕ್ಕ ಮನಸ್ಸಿಲ್ಲದ ಮನಸ್ಸಿಂದ ಕೇಳಿದ್ಲು.

‘ಫಾಲ್ಸಾ? ಅದೇನು?’ ಅಂತ ಬಂತು ಉತ್ತರ.

‘ಗಂಡಸು! ಬ್ಲಾಕ್ ಮಾಡು!’ ಅಂತ ನಾನು ಕುಣಿದೆ. ಅಕ್ಕನ ಬೆರಳು ಆ ಬಟನ್ ಹತ್ರ ಹೋಗಿ ನಿಂತ್ಕೊಳ್ತು. ಅಷ್ಟರಲ್ಲಿ ವಿಡಿಯೋ ಕಾಲೇ ಬಂತು. ಎತ್ತಿದ್ರೆ ಯೂನಿಫಾರಂ ಪ್ಯಾಂಟು ಶರ್ಟು ಹಾಕಿರೋ ಒಬ್ಬ ಹೆಂಗಸು. ಕಣ್ಣಲ್ಲಿ ಬೆಂಕಿ.

‘ನನಗೆ ಗೊತ್ತು, ನೀವು ಗಂಡಸಾ ಅಂತ ಚೆಕ್ ಮಾಡ್ತಿದೀರ. ಮಾಡ್ಬೇಕಾದ್ದೇ. ಆದ್ರೆ ಕೇಳಿ, ನಾನು ಹುಟ್ಟಿದಾಗಿಂದ ಸೀರೆ ಉಟ್ಟಿಲ್ಲ. ಸೀರೆ ಉಡಲ್ವಾ, ಜಡೆ ಇಲ್ವಾ, ನೀನೆಂಥಾ ಹೆಂಗಸು ಅಂತ ನಮ್ಮತ್ತೆ ಕೇಳ್ತಾನೇ ಇರ್ತಾರೆ. ಅದರಿಂದ ತಪ್ಪಿಸ್ಕೊಂಡು ಇಲ್ಲಿಗೆ ಬಂದ್ರೆ, ನೀವೂ ಅದನ್ನೇ ಕೇಳ್ತೀರಲ್ಲ!’

ಅಕ್ಕ ನನ್ನ ಕಡೆ ಬೆರಳು ತೋರಿಸಿದ್ಲು.

‘ಪ್ರಶ್ನೆ ನನ್ನದಲ್ಲ. ಇವನದ್ದು.’

‘ಯಾರಿವನು?’

‘ನನ್ ತಮ್ಮ. ಹತ್ತನೇ ಕ್ಲಾಸ್ ಫೇಲು.’

‘ಓ, ಗೊತ್ತಾಗುತ್ತೆ’ ಅಂದ್ಲು ಅವಳು. ಇಬ್ಬರೂ ನಗೋಕೆ ಶುರು ಮಾಡಿದ್ರು. ಅವರಿಬ್ಬರನ್ನ ಮೊದಲ ಸಲ ಒಟ್ಟಿಗೆ ನಗಿಸಿದ ಪುಣ್ಯ ನನ್ನ ಮಾರ್ಕ್ಸ್ ಕಾರ್ಡಿಗೆ ಸೇರಬೇಕು.

ಆದ್ರೂ ಅಕ್ಕ ಆಮೇಲೆ ಹಿಂದೇಟು ಹಾಕಿದ್ಲು. ‘ಮುಖ ನೋಡ್ಬಿಟ್ಲು ಕಣೋ. ಈಗ್ಲೇ ಬೇಡ. ಸ್ವಲ್ಪ ದಿನ ಹೋಗ್ಲಿ’ ಅಂದ್ಲು. ಆ ಸ್ವಲ್ಪ ದಿನದಲ್ಲಿ ನಮಗೆ ಇನ್ನೆರಡು ಗ್ರಹಚಾರ ಕಾದಿತ್ತು.

ಬ್ರಾಡ್ ಮೈಂಡು

ನೆಲಮಂಗಲದವಳೊಬ್ಬಳು ವಿಡಿಯೋ ಕಾಲಲ್ಲಿ ಬಂದ್ಲು, ನಿಜವಾದ ಹೆಂಗಸೇ. ಫಾಲ್ಸ್ ಎಲ್ಲಿ, ಜಿಗ್‌ಜಾಗ್ ಎಲ್ಲಿ, ಎಲ್ಲಾ ಫಟಾಫಟ್ ಹೇಳಿದ್ಲು. ಮಧ್ಯಾಹ್ನ ಜನ ತುಂಬಿರೋ ಹೋಟೆಲಲ್ಲಿ ಸಿಗೋದು ಅಂತಾಯ್ತು. ನಾನು ಎರಡು ಟೇಬಲ್ ಆಚೆ ಮಸಾಲೆ ದೋಸೆ ಮುಂದೆ ಕಾವಲಿಗೆ ಕೂತೆ.

ಅವಳು ಬಂದ್ಲು. ಹಿಂದೇನೇ ಒಬ್ಬ ಗಂಡಸೂ ಬಂದ. ಬಂದೋನೇ ಅಕ್ಕನ ಎದುರಿನ ಕುರ್ಚಿ ಎಳ್ಕೊಂಡು ಕೂತ.

‘ಇವ್ರು ನಮ್ಮ ಯಜಮಾನ್ರು’ ಅಂದ್ಲು ಅವಳು. ‘ತುಂಬಾ ಬ್ರಾಡ್ ಮೈಂಡು. ನಾನು ನಿಮ್ಮ ಜೊತೆ ಸ್ನೇಹ ಮಾಡೋಕೆ ಒಪ್ಕೊಂಡವ್ರೆ. ಒಂದೇ ಕಂಡೀಷನ್ನು, ಅವ್ರೂ ಜೊತೇಲೇ ಇರ್ತಾರಂತೆ.’

ಯಜಮಾನ್ರು ಅಕ್ಕನ್ನ ನೋಡಿ, ಮದುವೆ ಊಟದಲ್ಲಿ ಎರಡನೇ ಸಲ ಹೋಳಿಗೆ ಬರ್ತಿರೋದು ಕಂಡಂಗೆ ನಕ್ರು.

ಅಕ್ಕ ನನ್ನ ಕಡೆ ನೋಡಿದ್ಲು. ಫಾಲ್ಸ್ ಕಿತ್ತೋಗಿದೆ ಅಂತ ಹೇಳೋದೇ ಬೇಕಿರಲಿಲ್ಲ, ಮುಖದಲ್ಲೇ ಕಿತ್ತೋಗಿತ್ತು. ನಾನು ದೋಸೆ ತಟ್ಟೆ ಎತ್ಕೊಂಡು ಹೋಗಿ ಯಜಮಾನ್ರ ಪಕ್ಕದಲ್ಲೇ ಕೂತೆ.

‘ನಮಸ್ಕಾರ ಸಾರ್. ನಾನು ಇವಳ ತಮ್ಮ. ನಮ್ಮ ಮನೆಯವ್ರು ನಿಮಗಿಂತ ಬ್ರಾಡ್ ಮೈಂಡು. ಅಕ್ಕ ಎಲ್ಲಿ ಹೋದ್ರೂ ಎಲ್ರೂ ಜೊತೇಲೇ ಬರ್ತೀವಿ. ದೊಡ್ಡಪ್ಪ, ಚಿಕ್ಕಪ್ಪ, ಮಾವಂದ್ರು, ಎಲ್ಲಾ ಆಚೆ ಟೆಂಪೋದಲ್ಲಿ ಕೂತವ್ರೆ. ಕರೀಲಾ?’

ಯಜಮಾನ್ರ ಮೈಂಡು ಎಷ್ಟು ಬೇಗ ಸಣ್ಣಗಾಯ್ತು ಅಂದ್ರೆ, ಹೆಂಡತಿಯ ಕಾಫಿಗೂ ಕಾಯಲಿಲ್ಲ. ಟೆಂಪೋ ಇರಲಿಲ್ಲ ಅನ್ನೋದು ಬೇರೆ ಮಾತು. ಇದ್ದಿದ್ರೂ ನಮ್ಮ ದೊಡ್ಡಪ್ಪ ಮೊದಲು ಕೇಳ್ತಿದ್ದಿದ್ದು ‘ದೋಸೆ ಚೆನ್ನಾಗಿದ್ಯಾ?’ ಅಂತಾನೇ.

ಸೇಫ್ಟಿ

ಇನ್ನೊಂದ್ಸಲ ಅಕ್ಕ ನಮ್ಮೂರ ಬಸ್ ಸ್ಟ್ಯಾಂಡ್ ಹತ್ರಾನೇ ಒಬ್ಬಳನ್ನ ನೋಡೋಕೆ ಹೋದ್ಲು. ಹತ್ತಿರ ಅಲ್ವಾ ಅಂತ ನಾನು ಫೋನನ್ನ ದೊಡ್ಡಮ್ಮನ ಮನೇಲಿ ಚಾರ್ಜಿಗೆ ಹಾಕಿ ಆಚೆ ಕ್ರಿಕೆಟ್ ಆಡೋಕೆ ಹೋದೆ. ಕಾವಲುಗಾರನ ಯೋಗ್ಯತೆ ನೋಡಿ.

ಅಲ್ಲಿ ಆಗಿದ್ದೇ ಬೇರೆ. ಬಂದವಳು ಟೀ ಮುಟ್ಟಲಿಲ್ಲ. ‘ಇಲ್ಲಿ ಬೇಡ, ಆಟೋ ನಿಂತಿದೆ, ರೂಮಿಗೆ ಹೋಗೋಣ. ಫೋನ್ ಆಫ್ ಮಾಡು’ ಅಂತ ಅಕ್ಕನ ಕೈ ಹಿಡ್ಕೊಂಡು ಬಿಡ್ತಾನೇ ಇಲ್ಲ. ಆಟೋದಲ್ಲಿ ಆಗ್ಲೇ ಒಬ್ಬ ಕೂತಿದ್ನಂತೆ. ಅಕ್ಕ ‘ಒಂದ್ನಿಮಿಷ, ಅಂಗಡಿ ಕೆಲಸ’ ಅಂತ ನನಗೆ ಫೋನ್ ಮಾಡಿ, ಎತ್ತಿದ ತಕ್ಷಣ ಅಂದ್ಲು: ‘ಲೇ, ಫಾಲ್ಸ್ ಕಿತ್ತೋಗಿದೆ ಕಣೋ!’

ಎತ್ತಿದ್ದು ದೊಡ್ಡಮ್ಮ.

‘ಕಿತ್ತೋಗಿದ್ರೆ ಹೊಲ್ಕೊಳೇ! ಊರಿಗೆಲ್ಲ ಫಾಲ್ಸ್ ಹಾಕ್ಕೊಡ್ತೀಯ, ನಿನ್ ಸೀರೆ ನೆಟ್ಟಗಿಲ್ಲ! ಜನ ನೋಡಿದ್ರೆ ಏನಂತಾರೆ? ಎಲ್ಲಿದೀಯ? ಬಸ್ ಸ್ಟ್ಯಾಂಡಲ್ಲಾ? ಅಲ್ಲೇ ನಿಂತ್ಕೋ, ಅಲ್ಲಾಡ್ಬೇಡ, ಪಿನ್ ತಗೊಂಡು ಬಂದೆ!’

ದೊಡ್ಡಮ್ಮನ ಫೋನ್ ದನಿ ಹೆಂಗೆ ಅಂದ್ರೆ, ಸ್ಪೀಕರ್ ಹಾಕೋದೇ ಬೇಡ. ಕೈ ಹಿಡ್ಕೊಂಡಿದ್ದವಳು ಪೂರ್ತಿ ಕೇಳಿಸ್ಕೊಂಡ್ಲು. ‘ನಿಮ್ಮಮ್ಮ ಬರ್ತಾವ್ರಾ?’ ಅಂದ್ಲು. ‘ಹೂಂ, ಪಕ್ಕದ ರೋಡಲ್ಲೇ ಮನೆ’ ಅಂದ್ಲು ಅಕ್ಕ. ಅವಳು ಕೈ ಬಿಟ್ಟು ಹೋದ್ಲು, ಆಟೋನೂ ಹೋಯ್ತು.

ದೊಡ್ಡಮ್ಮ ಏದುಸಿರು ಬಿಡ್ತಾ ಬಂದ್ಲು, ಬಾಯಲ್ಲಿ ಎರಡು ಸೇಫ್ಟಿ ಪಿನ್ನು ಕಚ್ಕೊಂಡು. ಅಕ್ಕನ್ನ ಮೇಲಿಂದ ಕೆಳಗೆ ನೋಡಿದ್ಲು. ಅಕ್ಕ ಹಾಕಿದ್ದು ಚೂಡಿದಾರ.

‘ಸೀರೆ ಎಲ್ಲೇ?’

‘ಕಿತ್ತೋಯ್ತಲ್ಲಮ್ಮ,’ ಅಂದ್ಲು ಅಕ್ಕ, ಅಳ್ತಾ ನಗ್ತಾ, ‘ಬದಲಾಯ್ಸಿಬಿಟ್ಟೆ.’

ಅವತ್ತು ಸಾಯಂಕಾಲ ನಾನು ಬೈಸ್ಕೊಂಡಿದ್ದು ಇಲ್ಲಿ ಬರೆಯೋ ಭಾಷೇಲಿ ಇರಲಿಲ್ಲ. ಆದ್ರೆ ಅಷ್ಟು ರೂಲ್ಸು, ಲೊಕೇಶನ್ನು, ಕೋಡು, ನಾನು, ಯಾರೂ ಕೆಲಸಕ್ಕೆ ಬರದೇ ಇದ್ದಾಗ ಬಂದಿದ್ದು ಒಂದೇ. ಪಿನ್ನು. ಅದಕ್ಕೆ ಸೇಫ್ಟಿ ಅಂತ ಸುಮ್ನೆ ಹೆಸರಿಟ್ಟಿಲ್ಲ.

ಸಂಬಂಧ

ಈಗ ಆ ನವಿಲು ಬಣ್ಣದ ಕುಚ್ಚು ನೆನಪು ಮಾಡ್ಕೊಳಿ.

ಇಷ್ಟೆಲ್ಲಾ ಆದ ಮೇಲೆ ಅಕ್ಕ ಕಡೆಗೂ ಆ ಪ್ಯಾಂಟಿನವಳನ್ನ ನೋಡೋಕೆ ಒಪ್ಕೊಂಡ್ಲು. ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಒಂದು ಬೇಕರಿ, ಮಟಮಟ ಮಧ್ಯಾಹ್ನ. ನಾನು ಪಕ್ಕದ ಬೆಂಚಲ್ಲಿ ಆಲೂ ಬನ್ ತಿಂತಾ, ಈ ಸಲ ಫೋನ್ ಜೇಬಲ್ಲೇ. ಅಕ್ಕ ಮಾತಾಡ್ತಾ ಮಾತಾಡ್ತಾ ನಗ್ತಿದ್ಲು. ಆ ಥರ ನಗು ನಾನು ಅಂಗಡೀಲಿ ನೋಡಿರಲಿಲ್ಲ.

ಅಷ್ಟರಲ್ಲಿ ಮೀಸೆ ಬಿಟ್ಟಿದ್ದ ಒಬ್ಬ ಬಂದು ಅವರ ಟೇಬಲ್ ಮುಂದೆ ನಿಂತ.

‘ಗುರುತು ಸಿಕ್ತಾ ಡಿಯರ್? ಬ್ಲಾಕ್ ಮಾಡಿದ್ರಲ್ಲ.’

ಅಕ್ಕ ಅವನ ಮೀಸೆ ನೋಡಿದ್ಲು. ‘ಓ... ಪಿಂಕಿ!’

ಪಿಂಕಿ ಕೆಂಪಗಾದ. ಆದ್ರೂ ಬಿಡಲಿಲ್ಲ. ‘ನಮ್ಮತ್ತಿಗೆ ಸೀರೇಲಿ ನಿಮ್ಮ ಫೋಟೋದಲ್ಲಿರೋ ಕುಚ್ಚೇ ಕಾಣ್ತು. ಎಲ್ಲಿ ಕಟ್ಸಿದ್ದು ಅಂದೆ, ಅಂಗಡಿ ಹೇಳಿದ್ರು. ಅಂಗಡಿಯಿಂದ ಹಿಂದೇನೇ ಬಂದೆ. ಈಗ ನಿಮ್ಮಿಬ್ರ ಫೋಟೋನೂ ತೆಗ್ದಿದೀನಿ. ನಾನು ಹೇಳ್ದಂಗೆ ಕೇಳ್ತೀರೋ, ಅಂಗಡಿ ಬೋರ್ಡಲ್ಲಿರೋ ನಂಬರ್‌ಗೆ ಮಾಡ್ಲೋ? ನಿಮ್ಮಮ್ಮ ಎತ್ತಾರೆ ಅಂತಾನೂ ಗೊತ್ತು.’

ನಾನು ಬನ್ನು ಕೆಳಗಿಟ್ಟೆ. ಮುಖ ಬಚ್ಚಿಟ್ವಿ, ಹೆಸರು ಬಚ್ಚಿಟ್ವಿ. ಅವಳ ಗಂಟೇ ಅವಳ ರುಜು ಅನ್ನೋದು ಇಬ್ಬರಿಗೂ ಹೊಳೀಲಿಲ್ಲ. ಫೋಟೋ ತೆಗ್ದಿದ್ದು ನಾನು. ಬೀಗ, ತಾಳಿ, ಎರಡೂ ಕಣ್ಮುಂದೆ ಬಂತು.

‘ಮಾಡು’ ಅಂದ್ಲು ಅಕ್ಕ. ಪಿಂಕಿ ಸ್ಪೀಕರ್ ಹಾಕಿ ಮಾಡಿದ.

‘ಅಮ್ಮಾ, ನಿಮ್ಮ ಮಗಳು ಇಲ್ಲಿ ವಿಜಯಪುರದ ಬೇಕರೀಲಿ ಒಬ್ಬ ಹುಡುಗಿ ಜೊತೆ ಕೂತವ್ಳೆ.’

‘ಹುಡುಗಿ ಜೊತೆ ತಾನೆ?’ ಅಂದ್ಲು ದೊಡ್ಡಮ್ಮ. ‘ಹುಡುಗ ಯಾರೂ ಇಲ್ವಲ್ಲ?’

‘ಇಲ್ಲಮ್ಮ, ಅದೇ ಹೇಳ್ತಿರೋದು!’

‘ನಿನ್ ಬಾಯಿಗೆ ಸಕ್ರೆ ಹಾಕ.’

‘ಹಂಗಲ್ಲಮ್ಮ! ಅವರಿಬ್ರೂ ತುಂಬಾ ಕ್ಲೋಸು.’

‘ಬೇಕರಿ ಕ್ಲೋಸಾ? ಹಂಗಾರೆ ಬೇಗ ಹೊರಡಕ್ಕೇಳು.’

‘ಅಯ್ಯೋ, ಅವರಿಬ್ರೂ ಜೋಡಿ ಅಮ್ಮಾ, ಜೋಡಿ!’

‘ಅಷ್ಟು ದೂರ ಜೋಡಿ ಇಲ್ದೆ ಒಬ್ಳೇ ಹೋಗಕ್ಕಾಗುತ್ತೇನಪ್ಪಾ?’

ಪಿಂಕಿ ಹಣೆ ಒರೆಸ್ಕೊಂಡ. ಬೇಕಾದ ಮಾತು ಅವನಿಗೆ ಸಿಗ್ತಾನೇ ಇಲ್ಲ. ಸಿಕ್ಕಿದ್ದೆಲ್ಲ ದೊಡ್ಡಮ್ಮನ ಹತ್ರ ಹೋಗಿ ಬೇರೇನೋ ಆಗ್ತಿದೆ. ಕಡೆಗೆ ಕಿರುಚಿದ: ‘ಅವರ ಮಧ್ಯೆ ಸಂಬಂಧ ಇದೆ!’

ಅಕ್ಕ ಕಣ್ಮುಚ್ಚಿದ್ಲು.

‘ಸಂಬಂಧಾನಾ?’ ಅಂತು ದೊಡ್ಡಮ್ಮನ ದನಿ, ಈಗ ಬೆಲ್ಲದಂಗೆ. ‘ಮೊದ್ಲೇ ಹೇಳೋದಲ್ವೇನಪ್ಪಾ! ಯಾವೂರೋರು? ಒಳ್ಳೆ ಮನೆತನಾನಾ? ಆ ಹುಡುಗಿ ಕೈಗೆ ಕೊಡು ಫೋನು.’

ಪ್ಯಾಂಟಿನವಳು ಫೋನ್ ತಗೊಂಡ್ಲು. ‘ನಮಸ್ಕಾರ ಅಮ್ಮ.’

‘ನಮಸ್ಕಾರ ಕಣವ್ವಾ. ನಿನಗೆ ಅಣ್ಣ ಅವ್ನಾ?’

‘ಇಲ್ಲಮ್ಮ. ನಾನೊಬ್ಳೇ.’

‘ಛೆ’ ಅಂದ್ಲು ದೊಡ್ಡಮ್ಮ. ‘ಹೋಗ್ಲಿ ಬಿಡು, ನೀನೇ ಬಾ. ಮುದ್ದೆ, ಬಸ್ಸಾರು ಮಾಡಿರ್ತೀನಿ. ಅಂದಂಗೆ ಹೆಣ್ಮಕ್ಕಳ ಹಿಂದೆ ಅಲೀತಾ ಫೋನ್ ಮಾಡ್ತಿರೋ ಆ ಪೋಲಿ ಯಾವನು? ಹೆಸರೇನಂತೆ?’

ಅಕ್ಕ ಬಗ್ಗಿ ಫೋನಿಗೆ ಹೇಳಿದ್ಲು: ‘ಪಿಂಕಿ ಅಂತ ಅಮ್ಮ.’

ಬೇಕರಿಯವನು ಬನ್ನಿನ ಟ್ರೇ ಸಮೇತ ಕುಸಿದ. ಪಿಂಕಿ ಬಸ್ಸಿಗೂ ಕಾಯದೆ ಓಡಿದ.

ಹಿಂಗಂತ ಬರೆದು ಅಕ್ಕನ ಮುಂದೆ ಹಿಡಿದೆ. ಅವಳು ಓದಿ, ಹೊಟ್ಟೆ ಹಿಡ್ಕೊಂಡು ನಕ್ಕು, ಹಾಳೆ ವಾಪಸ್ ಕೊಟ್ಲು. ‘ಕೊನೆ ನೀನೇ ಕಟ್ಟಿದ್ದು ಅಂತ ಬರಿ’ ಅಂದ್ಲು.

ಬರೀತಿದೀನಿ. ಕಟ್ಟಿದ್ದೇ. ಪಿಂಕಿ ಬಂದಿದ್ದು ನಿಜ, ಆದ್ರೆ ಆ ಫೋನ್ ಯಾರೂ ಮಾಡಲಿಲ್ಲ. ಮಾಡಿದ್ರೆ ದೊಡ್ಡಮ್ಮ ಹಂಗೇ ಅಂತಿದ್ಲೋ ಏನೋ. ಆದ್ರೆ ಅದನ್ನ ನಂಬಿ ಅಕ್ಕನ ಬದುಕನ್ನ ಸ್ಪೀಕರಿಗೆ ಹಾಕೋ ಧೈರ್ಯ ನನಗಿಲ್ಲ, ಅವಳಿಗೂ ಇಲ್ಲ. ಪಿಂಕಿ ಬಾಯಿ ಮುಚ್ಕೊಂಡಿದ್ದೂ ನಿಜ. ಹೆಂಗೆ ಅಂತ ಹೇಳಂಗಿಲ್ಲ, ಇದನ್ನ ಓದೋರಲ್ಲಿ ಇನ್ನೂ ಎಷ್ಟು ಜನ ಪಿಂಕಿಗಳಿದ್ದಾರೋ. ಊರು ಬದಲಾಯ್ಸಿದೀನಿ, ಕುಚ್ಚಿನ ಬಣ್ಣ ಬದಲಾಯ್ಸಿದೀನಿ, ಬೇಕರಿ ಬೇಕರೀನೇ ಅಲ್ಲ.

ನಿಜವಾದ ಕೊನೆ ಬೇಕೇ ಬೇಕು ಅನ್ನೋರಿಗೆ ಹೇಳ್ತೀನಿ, ನನಗೇನು. ಅದಕ್ಕೂ ಮೊದ್ಲು ನೀವು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ಸೀರೆಗೆ ಫಾಲ್ಸ್ ಎಲ್ಲಿ ಹಾಕಿಸ್ತೀರಾ?